ಹೆಸರಿರುವ ಕಾಲಾಳುಗಳು: ಫೈರ್ ಎಂಬ್ಲೆಮ್ ಆಟದ ಚರಿತ್ರೆ, ಹೊಸಬರಿಗೆ ಕೆಲವು ಮಾತು



ಕಳೆದ ಮಳೆಗಾಲದ ಒಂದು ಭಾನುವಾರ. ಪೂಜೆ ಮುಗಿದು ಯುವಜನರ ಸಭೆಯೂ ಮುಗಿದಿತ್ತು, ಮಳೆ ಮಾತ್ರ ಬಿಟ್ಟಿರಲಿಲ್ಲ. ಇಗರ್ಜಿಯ ಹಾಲ್‌ನಲ್ಲೇ ಉಳಿದೆವು. ಗಲ್ಫಿನಿಂದ ರಜೆಗೆ ಬಂದಿದ್ದ ಅಣ್ಣನೊಬ್ಬ ತನ್ನ ನಿಂಟೆಂಡೊ ಸ್ವಿಚ್ ತಂದಿದ್ದರು. ಅದನ್ನು ಪ್ರೊಜೆಕ್ಟರಿಗೆ ಜೋಡಿಸಿ ‘ಫೈರ್ ಎಂಬ್ಲೆಮ್: ತ್ರೀ ಹೌಸಸ್’ ಎಂಬ ಆಟ ಹಾಕಿದೆವು. ಶುರುವಿನಲ್ಲೇ ಆಟ ಒಂದು ಪ್ರಶ್ನೆ ಕೇಳುತ್ತದೆ: ಕ್ಲಾಸಿಕ್ ಆಡುತ್ತೀರೋ, ಕ್ಯಾಶುವಲ್ ಆಡುತ್ತೀರೋ? ಕ್ಲಾಸಿಕ್‌ನಲ್ಲಿ ಯುದ್ಧದಲ್ಲಿ ಬಿದ್ದವರು ಮತ್ತೆ ನಿಮ್ಮ ಜೊತೆ ಹೋರಾಡಲು ಬರುವುದಿಲ್ಲ. ಕ್ಯಾಶುವಲ್‌ನಲ್ಲಿ ಆ ಯುದ್ಧ ಮುಗಿದ ಮೇಲೆ ಮರಳಿ ಬರುತ್ತಾರೆ.

ಹತ್ತನೇ ಕ್ಲಾಸಿನ ಹುಡುಗನೊಬ್ಬ ಕ್ಯಾಶುವಲ್ ಒತ್ತಲು ಹೋದ. ಅವನು ಇಂಥ ಆಟ ಹಿಂದೆಂದೂ ಆಡಿದವನಲ್ಲ. ‘ಅದು ಚಿಕ್ಕ ಮಕ್ಕಳಿಗೆ’ ಎಂದು ನಾವು ದೊಡ್ಡವರು ನಕ್ಕೆವು. ಅವನು ನಾಚಿಕೊಂಡು ಕ್ಲಾಸಿಕ್ ಒತ್ತಿದ. ಕೆಲವು ಯುದ್ಧಗಳ ನಂತರ ಆಶ್ ಎಂಬ ಬಿಲ್ಲುಗಾರನನ್ನು ಒಂಟಿಯಾಗಿ ಮುಂದೆ ಕಳುಹಿಸಿದ. ಕೊಡಲಿ ಹಿಡಿದ ಇಬ್ಬರು ದರೋಡೆಕೋರರು ಬಂದು ಅವನನ್ನು ಕೆಡವಿದರು. ಕಾಲವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುವ ಉಪಾಯ ಆ ಆಟದಲ್ಲೇ ಇದೆ. ನಮ್ಮಲ್ಲಿ ಅದು ಗೊತ್ತಿದ್ದವರು ಬಾಯಿ ಬಿಡಲಿಲ್ಲ, ನಗುತ್ತಿದ್ದೆವು. ಹುಡುಗ ಕಂಟ್ರೋಲರ್ ಕೆಳಗಿಟ್ಟು ಮಳೆಯಲ್ಲೇ ಮನೆಗೆ ಹೋದ. ಆಮೇಲೆ ನಾಲ್ಕು ಭಾನುವಾರ ಸಭೆಗೆ ಬರಲಿಲ್ಲ.

ಆ ಪ್ರಶ್ನೆ ಆಟಕ್ಕೆ ಎಲ್ಲಿಂದ ಬಂತು ಎಂದು ನಾವು ಓದಿ ನೋಡಿದ್ದು ಆಮೇಲೆಯೇ. ಮೊದಲೇ ಓದಿದ್ದರೆ ನಗುತ್ತಿರಲಿಲ್ಲ.

ಹೆಸರಿಲ್ಲದ ಕಾಯಿಗಳು

ಯುದ್ಧವನ್ನು ಮಣೆಯ ಮೇಲೆ ಆಡುವ ಅಭ್ಯಾಸ ಹಳೆಯದು, ಅದರ ಬೇರು ನಮ್ಮ ದೇಶದಲ್ಲೇ ಇದೆ. ಸುಮಾರು ಆರನೇ ಶತಮಾನದ ಹೊತ್ತಿಗೆ ಭಾರತದಲ್ಲಿದ್ದ ಚತುರಂಗ ಪರ್ಶಿಯಾದ ಮೂಲಕ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತು. ಆನೆ, ಕುದುರೆ, ರಥ, ಕಾಲಾಳು: ನಾಲ್ಕು ಅಂಗಗಳ ಸೇನೆ. ಆದರೆ ಎಂಟು ಕಾಲಾಳುಗಳಲ್ಲಿ ಒಬ್ಬನಿಗೂ ಹೆಸರಿಲ್ಲ. ಒಬ್ಬ ಹೋದರೆ ಯಾರೂ ಮರುಗುವುದಿಲ್ಲ. ರಾಜನನ್ನು ಉಳಿಸಲು ಕಾಲಾಳನ್ನು ಬಲಿಕೊಡುವುದೇ ಜಾಣತನ ಎಂದು ನಾವೆಲ್ಲ ಕಲಿತಿದ್ದೇವೆ.

1824ರಲ್ಲಿ ಪ್ರಷ್ಯದ ಸೇನಾಧಿಕಾರಿ ಗೇಯೋರ್ಗ್ ಫಾನ್ ರೈಸ್‌ವಿಟ್ಸ್ ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧದ ಆಟ ಪ್ರಕಟಿಸಿದ. ಚೌಕದ ಮಣೆಯ ಬದಲು ನಿಜವಾದ ನಕ್ಷೆ, ದಾಳ ಹಾಕಿ ಸಾವುನೋವಿನ ಲೆಕ್ಕ, ತೀರ್ಪು ಹೇಳಲು ಒಬ್ಬ ಮಧ್ಯಸ್ಥ. ಪ್ರಷ್ಯದ ಸೇನೆ ಅದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. ಅಲ್ಲಿಯೂ ಸೈನಿಕರು ಎಂದರೆ ಬಣ್ಣದ ತುಂಡುಗಳು ಮಾತ್ರ.

ಬದಲಾವಣೆ ಬಂದದ್ದು ಅಮೆರಿಕದಲ್ಲಿ. ಇಂಥ ಯುದ್ಧದ ಆಟಗಳನ್ನು ಆಡುತ್ತಿದ್ದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದರು. ಇದರಲ್ಲಿ ಒಬ್ಬ ಆಟಗಾರನಿಗೆ ಒಂದು ಸೇನೆ ಇಲ್ಲ, ಒಬ್ಬನೇ ಒಬ್ಬ ಮನುಷ್ಯ. ಅವನಿಗೆ ಹೆಸರುಂಟು, ಬಲ ದೌರ್ಬಲ್ಯ ಉಂಟು, ಅನುಭವ ಬಂದಂತೆ ಬೆಳೆಯುತ್ತಾನೆ. ರೋಲ್ ಪ್ಲೇಯಿಂಗ್ ಗೇಮ್ ಎನ್ನುವ ಜಾತಿ ಹುಟ್ಟಿದ್ದು ಹೀಗೆ. ಅದು ಕಂಪ್ಯೂಟರಿಗೆ ಬಂತು, ಅಲ್ಲಿಂದ ಜಪಾನಿಗೆ ಹೋಯಿತು. ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ಮೇಲೆ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’, 1987ರಲ್ಲಿ ‘ಫೈನಲ್ ಫ್ಯಾಂಟಸಿ’ ಬಂದವು.

ಕ್ಯೋಟೊದಲ್ಲಿ ಹುಟ್ಟಿದ ಯೋಚನೆ

ನಿಂಟೆಂಡೊಗೆ ಆಟ ಮಾಡಿಕೊಡುವ ‘ಇಂಟೆಲಿಜೆಂಟ್ ಸಿಸ್ಟಮ್ಸ್’ ಕಂಪೆನಿ ಜಪಾನಿನ ಕ್ಯೋಟೊದಲ್ಲಿದೆ. ಅವರ ‘ಫ್ಯಾಮಿಕಾಮ್ ವಾರ್ಸ್’ 1988ರಲ್ಲಿ ಬಂತು. ನಗರ ಹಿಡಿದರೆ ಹಣ, ಹಣ ಕೊಟ್ಟರೆ ಕಾರ್ಖಾನೆಯಿಂದ ಹೊಸ ಟ್ಯಾಂಕ್, ಹೊಸ ಪಡೆ. ಒಂದು ಹೋದರೆ ಇನ್ನೊಂದು.

ಅಲ್ಲೇ ಕೆಲಸ ಮಾಡುತ್ತಿದ್ದ ಶೋಜೊ ಕಾಗಾ ಅವರಿಗೆ ಬೇರೆಯೇ ಯೋಚನೆ ಇತ್ತು. ಯುದ್ಧದ ಆಟದಲ್ಲಿ ಲೆಕ್ಕಾಚಾರ ಉಂಟು, ಆದರೆ ಕಾಯಿಗಳ ಮೇಲೆ ಮನಸ್ಸು ನಿಲ್ಲುವುದಿಲ್ಲ. ರೋಲ್ ಪ್ಲೇಯಿಂಗ್ ಆಟದಲ್ಲಿ ಕತೆ ಉಂಟು, ಮನುಷ್ಯರು ಉಂಟು. ಎರಡನ್ನೂ ಕೂಡಿಸಿದರೆ? 1990ರ ಏಪ್ರಿಲ್ 20ರಂದು ಮೊದಲ ಫೈರ್ ಎಂಬ್ಲೆಮ್ ಬಿಡುಗಡೆಯಾಯಿತು. ಗೇಮ್ ಬಾಯ್ ರೂಪಿಸಿದ ಗುನ್‌ಪೇ ಯೊಕೊಯ್ ಅವರೇ ಅದರ ನಿರ್ಮಾಪಕರು.

ಕತೆ ಸರಳ. ಆಲ್ಟಿಯ ಎಂಬ ರಾಜ್ಯ ಕಳೆದುಕೊಂಡ ರಾಜಕುಮಾರ ಮಾರ್ಥ್ ಒಂದು ಚಿಕ್ಕ ದ್ವೀಪದಲ್ಲಿ ಆಶ್ರಯ ಪಡೆದಿದ್ದಾನೆ. ಹೆಸರು ಕೇಳಿ ಬೆಥಾನಿಯದ ಮಾರ್ತಳನ್ನು ನೆನೆಯಬೇಡಿ, ಇವನು ಕತ್ತಿ ಹಿಡಿದವನು! ಕೆಲವೇ ಜನರೊಂದಿಗೆ ಹೊರಟು, ದಾರಿಯಲ್ಲಿ ಒಬ್ಬೊಬ್ಬರನ್ನೇ ಸೇರಿಸಿಕೊಂಡು ರಾಜ್ಯ ಬಿಡಿಸಿಕೊಳ್ಳುತ್ತಾನೆ. ಸೇರಿದ ಪ್ರತಿಯೊಬ್ಬರಿಗೂ ಹೆಸರು, ಮುಖ, ಊರು ಇದೆ. ಸತ್ತರೆ ಸತ್ತಂತೆಯೇ. ಅವನ ಜಾಗಕ್ಕೆ ಬೇರೊಬ್ಬ ಬರಬಹುದು, ಅವನು ಬರುವುದಿಲ್ಲ.

ಆರಂಭದಲ್ಲಿ ಈ ಆಟ ಚೆನ್ನಾಗಿ ಮಾರಾಟವಾಗಲಿಲ್ಲ. ಆಡಿದವರು ಒಬ್ಬರಿಗೊಬ್ಬರು ಹೇಳಿ, ನಿಧಾನವಾಗಿ ಜನಪ್ರಿಯವಾಯಿತು. ನೋಡಿ, ಕಾಗಾ ಅವರು ಸಾವನ್ನು ಖಾಯಂ ಮಾಡಿದ್ದು ಆಟವನ್ನು ಕಷ್ಟ ಮಾಡಿ ಹೊಸಬರನ್ನು ಓಡಿಸಲು ಅಲ್ಲ. ಕಾಲಾಳಿಗೂ ಬೆಲೆ ಬರಲಿ ಎಂದು.

ಮೊದಲ ಆಟದಿಂದಲೇ ಬಂದ ಪಾಠಗಳು

ಹೊಸದಾಗಿ ಆಡುವವರಿಗೆ ನಾವು ಹೇಳಬಹುದಾದ ಹೆಚ್ಚಿನ ಕಿವಿಮಾತು ಆ 1990ರ ಆಟದಲ್ಲೇ ಅಡಗಿದೆ.

ಒಂದು, ಮನೆ ಎಣಿಸಿ. ಮ್ಯಾಪ್ ಎಂದರೆ ಚದುರಂಗದ ಹಾಗೆ ಚೌಕಗಳು. ಶತ್ರು ಎಷ್ಟು ಮನೆ ನಡೆಯಬಲ್ಲ, ಅವನ ಆಯುಧ ಎಷ್ಟು ದೂರ ಮುಟ್ಟುತ್ತದೆ, ಎರಡನ್ನೂ ಕೂಡಿಸಿದರೆ ಅಪಾಯದ ಗಡಿ ಸಿಗುತ್ತದೆ. ಈಗಿನ ಆಟಗಳಲ್ಲಿ ಒಂದು ಬಟನ್ ಒತ್ತಿದರೆ ಆ ಗಡಿ ಬಣ್ಣದಲ್ಲಿ ಕಾಣುತ್ತದೆ. ನಿಮ್ಮ ಸರದಿ ಮುಗಿಸುವ ಮೊದಲು ಪ್ರತಿ ಸಲವೂ ನೋಡಿ. ಗಟ್ಟಿಯಾದ ಒಬ್ಬನನ್ನು ಮಾತ್ರ ಗಡಿಯ ಒಳಗೆ ಒಂದು ಹೆಜ್ಜೆ ಇರಿಸಿ, ಉಳಿದವರನ್ನು ಹೊರಗೆ ಹತ್ತಿರವೇ ನಿಲ್ಲಿಸಿ. ಶತ್ರುಗಳೇ ಬರುತ್ತಾರೆ, ಪೆಟ್ಟಿಗೆ ಪ್ರತಿಪೆಟ್ಟು ಬೀಳುತ್ತದೆ, ಮುಂದಿನ ಸರದಿಯಲ್ಲಿ ಎಲ್ಲರೂ ಸೇರಿ ಮುಗಿಸಬಹುದು. ಕಾಡಿನ ಮನೆಯಲ್ಲಿ ನಿಂತರೆ ಶತ್ರುವಿನ ಪೆಟ್ಟು ತಪ್ಪುವ ಸಾಧ್ಯತೆ ಹೆಚ್ಚು. ಆಶ್ ಬಿದ್ದದ್ದು ಈ ಲೆಕ್ಕ ಮಾಡದ ಕಾರಣ.

ಎರಡು, ಜೇಗನ್‌ಗೆ ಎಲ್ಲವನ್ನೂ ಬಿಡಬೇಡಿ. ಜೇಗನ್ ಮೊದಲ ಆಟದ ಹಿರಿಯ ಅಶ್ವಾರೋಹಿ. ಶುರುವಿನಲ್ಲಿ ಅವನಷ್ಟು ಬಲಶಾಲಿ ನಿಮ್ಮ ಕಡೆ ಬೇರೆ ಯಾರೂ ಇಲ್ಲ. ಹೊಸಬರು ಅವನನ್ನೇ ಮುಂದೆ ಬಿಟ್ಟು ಎಲ್ಲ ಶತ್ರುಗಳನ್ನೂ ಕೆಡವುತ್ತಾರೆ. ಆದರೆ ಶತ್ರುವನ್ನು ಕೆಡವಿದವರಿಗೇ ಅನುಭವದ ಅಂಕ ಹೆಚ್ಚು. ಜೇಗನ್ ಇನ್ನು ಹೆಚ್ಚು ಬೆಳೆಯುವವನಲ್ಲ. ಹತ್ತು ಅಧ್ಯಾಯ ಕಳೆದ ಮೇಲೆ ನೋಡಿದರೆ ಅವನು ಇದ್ದಲ್ಲೇ ಇದ್ದಾನೆ, ಯುವಕರು ಏನೂ ಕಲಿತಿಲ್ಲ. ಆಮೇಲೆ ಬಂದ ಆಟಗಳಲ್ಲೂ ಇಂಥ ಹಿರಿಯರು ಬರುತ್ತಾರೆ, ಆಟಗಾರರು ಅವರನ್ನೆಲ್ಲ ‘ಜೇಗನ್’ ಎಂದೇ ಕರೆಯುತ್ತಾರೆ. ಹಿರಿಯನನ್ನು ಪೆಟ್ಟು ತಡೆಯಲು, ಶತ್ರುವನ್ನು ಅರ್ಧ ಬಲಹೀನ ಮಾಡಲು ಬಳಸಿ. ಕೊನೆಯ ಪೆಟ್ಟು ಕಿರಿಯರಿಗೆ ಬಿಡಿ. ನಮ್ಮ ಹಬ್ಬದ ಸಿದ್ಧತೆಯಲ್ಲಿ ಪ್ರತಿ ವರ್ಷವೂ ಅದೇ ಮೂರು ಜನ ಓಡಾಡುವುದು ನೆನಪಾಯಿತೇ? ನಮಗೂ ನೆನಪಾಯಿತು.

ಮೂರು, ಹೊಡೆಯುವ ಮೊದಲು ಮುಖ ನೋಡಿ. ಮೂರನೇ ಅಧ್ಯಾಯದಲ್ಲಿ ದರೋಡೆಕೋರರ ಜೊತೆ ನವಾರ್ ಎಂಬ ಕತ್ತಿವರಸೆಗಾರ ಬರುತ್ತಾನೆ. ಹೊಡೆದರೆ ಅವನೂ ಸಾಯುತ್ತಾನೆ. ಆದರೆ ರಾಜಕುಮಾರಿ ಶೀಡಾಳನ್ನು ಅವನ ಪಕ್ಕಕ್ಕೆ ಕರೆದೊಯ್ದು ‘ಮಾತಾಡು’ ಎಂಬ ಆಯ್ಕೆ ಒತ್ತಿದರೆ ನಿಮ್ಮ ಕಡೆಗೆ ಸೇರುತ್ತಾನೆ. ಹಾಗಾಗಿ ಶತ್ರುಗಳಲ್ಲಿ ಯಾರಿಗಾದರೂ ಸ್ವಂತ ಹೆಸರು, ಮುಖ ಇದೆಯೇ ಎಂದು ಮೊದಲು ನೋಡಿ. ಇದ್ದರೆ, ಅವರೊಡನೆ ಮಾತಾಡಬಲ್ಲವರು ನಿಮ್ಮಲ್ಲಿ ಯಾರು ಎಂದು ಯೋಚಿಸಿ.

ತ್ರಿಕೋನ ಮತ್ತು ದಣಿವು

1996ರ ‘ಜೀನಿಯಾಲಜಿ ಆಫ್ ದ ಹೋಲಿ ವಾರ್’ ಆಯುಧಗಳ ತ್ರಿಕೋನವನ್ನು ತಂದಿತು. ಕತ್ತಿ ಕೊಡಲಿಯನ್ನು ಸೋಲಿಸುತ್ತದೆ, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು. ನಮ್ಮ ಕಲ್ಲು, ಕಾಗದ, ಕತ್ತರಿ ಆಟದ ಹಾಗೆಯೇ. ಎಲ್ಲರನ್ನೂ ಸೋಲಿಸುವ ಒಬ್ಬನು ಎಂಬುದಿಲ್ಲ. ಆದ್ದರಿಂದ ತಂಡದಲ್ಲಿ ಮೂರೂ ಬಗೆಯವರು ಬೇಕು. ಹಾರುವ ಕುದುರೆಯ ಮೇಲೆ ಇರುವವರು ಬಿಲ್ಲಿಗೆ ಹೆದರಬೇಕು, ಭಾರೀ ಕವಚದವರು ಮಂತ್ರದ ಪೆಟ್ಟಿಗೆ ಸೋಲುತ್ತಾರೆ. ‘ತ್ರೀ ಹೌಸಸ್’ ಈ ತ್ರಿಕೋನವನ್ನು ಬದಿಗಿಟ್ಟಿತು, 2023ರ ‘ಎಂಗೇಜ್’ನಲ್ಲಿ ಅದು ಮರಳಿ ಬಂತು. ನೀವು ಆಡುವ ಆಟದಲ್ಲಿ ಇದೆಯೇ ಎಂದು ಮೊದಲು ತಿಳಿದುಕೊಳ್ಳಿ.

1999ರ ‘ಥ್ರೇಸಿಯ 776’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ದಣಿವಿನ ಲೆಕ್ಕ ಉಂಟು. ಒಬ್ಬನನ್ನೇ ಹೆಚ್ಚು ದುಡಿಸಿದರೆ ಮುಂದಿನ ಅಧ್ಯಾಯದಲ್ಲಿ ಅವನು ಕುಳಿತೇ ಇರಬೇಕು. ಸರಣಿಯಲ್ಲೇ ಅತಿ ಕಠಿಣ ಎಂದು ಹೆಸರಾದ ಆಟ ಇದು, ಹೊಸಬರು ಇದರಿಂದ ಶುರು ಮಾಡಬಾರದು. ಆದರೂ ಅದರ ಪಾಠ ಎಲ್ಲ ಆಟಕ್ಕೂ ಸಲ್ಲುತ್ತದೆ: ನಾಲ್ಕೈದು ಜನರನ್ನೇ ನೆಚ್ಚಬೇಡಿ, ಹತ್ತು ಹನ್ನೆರಡು ಜನರನ್ನು ಬೆಳೆಸಿ. ಅದೇ ವರ್ಷ ಕಾಗಾ ಕಂಪೆನಿ ಬಿಟ್ಟರು, ಸರಣಿ ಮುಂದುವರಿಯಿತು.

ಹೊಸಬರಿಗಾಗಿ ಬಾಗಿಲು ತೆರೆದ ಕತೆ

ಹದಿಮೂರು ವರ್ಷ ಈ ಆಟಗಳು ಜಪಾನಿನಲ್ಲೇ ಉಳಿದವು. 2001ರಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಎಂಬ ಹೊಡೆದಾಟದ ಆಟದಲ್ಲಿ ಮಾರ್ಥ್ ಮತ್ತು ರಾಯ್ ಕಾಣಿಸಿಕೊಂಡರು. ಇವರು ಯಾರು ಎಂದು ಹೊರದೇಶದ ಆಟಗಾರರು ಕೇಳತೊಡಗಿದರು. 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ಆಟ ಇಂಗ್ಲಿಷಿನಲ್ಲಿ ಬರೀ ‘ಫೈರ್ ಎಂಬ್ಲೆಮ್’ ಎಂಬ ಹೆಸರಿನಲ್ಲಿ ಹೊರಬಂತು.

ಆ ಆಟದ ಆರಂಭ ನಮಗೆ ಬಹಳ ಇಷ್ಟವಾಯಿತು. ಹೊಸಬರನ್ನು ನೇರವಾಗಿ ಯುದ್ಧಕ್ಕೆ ತಳ್ಳುವುದಿಲ್ಲ. ಬಯಲು ನಾಡಿನ ಲಿನ್ ಎಂಬ ಹುಡುಗಿಯ ಕತೆಯನ್ನು ಮೊದಲ ಹತ್ತು ಅಧ್ಯಾಯಗಳಲ್ಲಿ ಹೇಳುತ್ತಾ, ಒಂದೊಂದೇ ನಿಯಮವನ್ನು ಕೈಹಿಡಿದು ಕಲಿಸುತ್ತದೆ. ಮೊದಲು ನಡೆಯುವುದು, ಆಮೇಲೆ ಹೊಡೆಯುವುದು, ಆಮೇಲೆ ತ್ರಿಕೋನ. ಆಮೇಲೆ ದೊಡ್ಡ ಕತೆ ಶುರು.

ಹೀಗಿದ್ದರೂ ಖಾಯಂ ಸಾವಿಗೆ ಹೆದರಿ ಅನೇಕರು ದೂರವೇ ಉಳಿದರು. ಆಡಿದವರಲ್ಲೂ ಬಹಳ ಮಂದಿ ಒಬ್ಬ ಸತ್ತ ಕೂಡಲೇ ಯಂತ್ರ ಆರಿಸಿ ಆ ಅಧ್ಯಾಯವನ್ನು ಮೊದಲಿನಿಂದ ಆಡುತ್ತಿದ್ದರು. ಹಾಗಾದರೆ ಆ ಸಾವು ಖಾಯಂ ಎಲ್ಲಿ? 2010ರಲ್ಲಿ ಜಪಾನಿನಲ್ಲಿ ಬಂದ ‘ನ್ಯೂ ಮಿಸ್ಟರಿ ಆಫ್ ದ ಎಂಬ್ಲೆಮ್’ನಲ್ಲಿ ತಯಾರಕರು ಮೊದಲ ಬಾರಿಗೆ ಕ್ಯಾಶುವಲ್ ಆಯ್ಕೆ ಇಟ್ಟರು. ಹಳೆಯ ಅಭಿಮಾನಿಗಳಲ್ಲಿ ಹಲವರು ಸಿಟ್ಟಾದರು, ಆಟದ ಜೀವವನ್ನೇ ತೆಗೆದಿರಿ ಎಂದರು. ನಾವು ಹಾಲ್‌ನಲ್ಲಿ ನಕ್ಕ ನಗುವಿಗೆ ಅಷ್ಟು ಹಳೆಯ ವಂಶಾವಳಿ ಇದೆ.

ಆಮೇಲೆ ಏನಾಯಿತು? ಸರಣಿಯ ಮಾರಾಟ ಇಳಿಯುತ್ತಾ ಬಂದಿತ್ತು. 2012ರ ‘ಅವೇಕನಿಂಗ್’ ಎರಡೂವರೆ ಲಕ್ಷ ಪ್ರತಿ ಮಾರಾಟವಾಗದಿದ್ದರೆ ಅದೇ ಕೊನೆ ಎಂಬ ಮಾತು ನಿಂಟೆಂಡೊ ಒಳಗೇ ಇತ್ತು ಎಂದು ತಯಾರಕರೇ ನಂತರ ಹೇಳಿದ್ದಾರೆ. ‘ಅವೇಕನಿಂಗ್’ನಲ್ಲಿ ಕ್ಲಾಸಿಕ್ ಇತ್ತು, ಕ್ಯಾಶುವಲ್ಲೂ ಇತ್ತು. ಆ ಗುರಿಯ ಹಲವು ಪಟ್ಟು ಪ್ರತಿಗಳು ಮಾರಾಟವಾದವು. ಸರಣಿ ಉಳಿಯಿತು. ಅದರ ಯಶಸ್ಸಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಹೆದರಿ ಹೊರಗೆ ನಿಂತವರಿಗೆ ಅಲ್ಲಿ ಬಾಗಿಲು ತೆರೆದಿತ್ತು ಎಂಬುದು ಸುಳ್ಳಲ್ಲ.

2017ರ ‘ಶ್ಯಾಡೋಸ್ ಆಫ್ ವ್ಯಾಲೆನ್ಶಿಯ’ ಇನ್ನೊಂದು ಮಧ್ಯದ ದಾರಿ ಕಂಡುಕೊಂಡಿತು. ತಪ್ಪಾದರೆ ಕೆಲವು ನಡೆ ಹಿಂದಕ್ಕೆ ಹೋಗಬಹುದು, ಆದರೆ ಲೆಕ್ಕದ ಸಲ ಮಾತ್ರ. 2019ರ ‘ತ್ರೀ ಹೌಸಸ್’ನಲ್ಲಿ ಅದೇ ಶಕ್ತಿಯ ಹೆಸರು ‘ಡಿವೈನ್ ಪಲ್ಸ್’. ಅಂದು ನಾವು ಹುಡುಗನಿಗೆ ಹೇಳದೆ ಉಳಿದದ್ದು ಇದನ್ನೇ.

ಹೆತ್ತವರಿಗೆ ಒಂದೆರಡು ಮಾತು

‘ತ್ರೀ ಹೌಸಸ್’ನಲ್ಲಿ ಒಂದು ಚರ್ಚ್ ಇದೆ, ಅದಕ್ಕೆ ಆರ್ಚ್‌ಬಿಷಪ್ ಇದ್ದಾರೆ, ಅವರ ಕೆಲವು ಗುಟ್ಟುಗಳೂ ಇವೆ. ಅದು ಪೂರ್ತಿ ಕಲ್ಪನೆಯ ಲೋಕ, ಅಲ್ಲಿ ಪೂಜಿಸುವುದು ಒಬ್ಬ ದೇವಿಯನ್ನು. ಮಕ್ಕಳು ಕೇಳಿದರೆ ಬೈಯಬೇಡಿ, ಜೊತೆಯಲ್ಲಿ ಕುಳಿತು ಮಾತಾಡಿ. ಅಮೆರಿಕದ ವರ್ಗೀಕರಣದಲ್ಲಿ ಈ ಆಟ ಹದಿಹರೆಯದವರಿಗೆ, ಎಂದರೆ 13 ವರ್ಷ ಮೇಲ್ಪಟ್ಟವರಿಗೆ. 2017ರಲ್ಲಿ ಫೋನಿಗೆ ಬಂದ ‘ಫೈರ್ ಎಂಬ್ಲೆಮ್ ಹೀರೋಸ್’ ಉಚಿತ, ಆದರೆ ವೀರರನ್ನು ಪಡೆಯುವುದು ಲಾಟರಿಯ ಹಾಗೆ ಅದೃಷ್ಟದಿಂದ, ಮತ್ತೆ ಮತ್ತೆ ಎತ್ತಲು ಹಣ ಹೋಗುತ್ತದೆ. ಆ ಫೋನಿಗೆ ನಿಮ್ಮ ಬ್ಯಾಂಕಿನ ಲೆಕ್ಕ ಜೋಡಿಸಬೇಡಿ. ಒಂದು ಅಧ್ಯಾಯಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ದಿನಕ್ಕೆ ಒಂದೇ ಅಧ್ಯಾಯ ಎಂದು ನಿಯಮ ಮಾಡಿದರೆ ಓದಿಗೂ ತೊಂದರೆ ಇಲ್ಲ, ಆಟಕ್ಕೂ ಒಳ್ಳೆಯದು, ಏಕೆಂದರೆ ದಣಿದ ತಲೆ ಮನೆ ಎಣಿಸುವುದಿಲ್ಲ.

ಹಾಗಾದರೆ ಯಾವುದನ್ನು ಒತ್ತಬೇಕು?

ಹೊಸಬರಿಗೆ ನಮ್ಮ ಉತ್ತರ: ಕ್ಯಾಶುವಲ್ ಒತ್ತಿ, ನಾಚಿಕೆ ಬೇಡ. ಆದರೆ ಯಾರನ್ನೂ ಕಳೆದುಕೊಳ್ಳದೆ ಗೆಲ್ಲುವುದೇ ನಿಮ್ಮ ಗುರಿಯಾಗಲಿ. ಹೇಗೂ ಮರಳಿ ಬರುತ್ತಾನೆ ಎಂದು ಬಿಲ್ಲುಗಾರನನ್ನು ಸಾವಿಗೆ ತಳ್ಳಿದರೆ ನೀವು ಮತ್ತೆ ಹೆಸರಿಲ್ಲದ ಕಾಲಾಳುಗಳ ಆಟಕ್ಕೇ ಮರಳಿದಿರಿ. ಒಂದು ಸಲ ಪೂರ್ತಿ ಆಡಿ ಕಲಿತ ಮೇಲೆ ಕ್ಲಾಸಿಕ್‌ನಲ್ಲಿ ಆಡಿ ನೋಡಿ. ಯಾರಾದರೂ ಬಿದ್ದರೆ, ಒಮ್ಮೆಯಾದರೂ ಯಂತ್ರ ಆರಿಸದೆ ಮುಂದಕ್ಕೆ ಹೋಗಿ. ಆ ಖಾಲಿ ಜಾಗ ಏನು ಹೇಳುತ್ತದೆ ಎಂದು ಗಮನಿಸಿ. 1990ರಲ್ಲಿ ಕಾಗಾ ಹೇಳಲು ಬಯಸಿದ್ದು ಅದನ್ನೇ ಎಂದು ನಮಗೆ ಅನಿಸುತ್ತದೆ.

‘ತ್ರೀ ಹೌಸಸ್’ ಇನ್ನೂ ಒಂದು ಮಾತು ಸೇರಿಸುತ್ತದೆ. ನೀವು ಅಲ್ಲಿ ಒಬ್ಬ ಶಿಕ್ಷಕ. ಮೂರು ಮನೆಗಳ ವಿದ್ಯಾರ್ಥಿಗಳ ಜೊತೆ ಊಟ ಮಾಡುತ್ತೀರಿ, ಚಹಾ ಕುಡಿಯುತ್ತೀರಿ. ವರ್ಷಗಳ ನಂತರ ಯುದ್ಧ ಬರುತ್ತದೆ, ನಿಮ್ಮ ಜೊತೆ ಚಹಾ ಕುಡಿದವರೇ ಎದುರಿನ ಸೇನೆಯಲ್ಲಿ ನಿಂತಿರುತ್ತಾರೆ. ಅವರ ಹೆಸರು ನಿಮಗೆ ಗೊತ್ತು. ಆಗ ಶತ್ರುವನ್ನು ಕೆಡವುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು.

ಸಂತ ಲೂಕರ ಶುಭಸಂದೇಶದ ಹದಿನೈದನೇ ಅಧ್ಯಾಯದಲ್ಲಿ ಕಳೆದುಹೋದ ಕುರಿಯ ಸಾಮತಿ ನಮಗೆಲ್ಲ ಬಾಯಿಪಾಠ. ತೊಂಬತ್ತೊಂಬತ್ತು ಇವೆಯಲ್ಲ ಎಂದು ಆ ಕುರುಬ ಲೆಕ್ಕ ಹಾಕಲಿಲ್ಲ. ನಾವು ಮಾತ್ರ ಸಭೆಯ ಪುಸ್ತಕದಲ್ಲಿ ಹಾಜರಿ ಎಣಿಸಿ ‘ಹದಿನೆಂಟು ಜನ, ಪರವಾಗಿಲ್ಲ’ ಎಂದು ಬರೆದಿದ್ದೆವು, ನಾಲ್ಕು ಭಾನುವಾರವೂ.

ಐದನೇ ವಾರ ನಮ್ಮಲ್ಲಿ ಇಬ್ಬರು ಆ ಹುಡುಗನ ಮನೆಗೆ ಹೋದೆವು. ಅವನ ಅಮ್ಮ ಚಹಾ ಕೊಟ್ಟರು. ನಾವು ನಕ್ಕದ್ದು ತಪ್ಪಾಯಿತು ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಕಾಲ ಹಿಂದಕ್ಕೆ ತಿರುಗಿಸುವ ಬಟನ್ ಯಾವುದು ಎಂದು ಕೇಳಿದ. ಹೇಳಿಕೊಟ್ಟೆವು. ಮುಂದಿನ ಭಾನುವಾರ ಬಂದ. ಈಗ ಹೊಸದಾಗಿ ಸೇರುವವರಿಗೆ ಆಟ ಕಲಿಸುವುದು ಅವನೇ. ಯಾರಾದರೂ ಕ್ಯಾಶುವಲ್ ಒತ್ತಿದರೆ ಅವನು ನಗುವುದಿಲ್ಲ. ಮೊದಲು ಮನೆ ಎಣಿಸು ಎನ್ನುತ್ತಾನೆ.

ಈ ವಾರ ನಿಮ್ಮ ತಂಡದಲ್ಲಿ ಯಾರು ಬಂದಿಲ್ಲ, ಹೆಸರು ಹಿಡಿದು ಒಮ್ಮೆ ನೋಡಿ. ದೇವರು ನಿಮ್ಮನ್ನು ಆಶೀರ್ವದಿಸಲಿ.